ಸಡಿಲವಾದ ಬೆಲ್ಟು

ಬಂಟ್ವಾಳದ ನಮ್ಮ ನೆರೆಯವರ ಮುಖ ನನಗೀಗ ಸರಿಯಾಗಿ ನೆನಪಿಲ್ಲ. ಗಾಳಿಯಲ್ಲಿ ಬೆರಳು ಸುತ್ತಿಸಿ "ಇನ್ನೊಮ್ಮೆ ಕೇಳುವ" ಎನ್ನುತ್ತಿದ್ದದ್ದು ನೆನಪಿದೆ. ಅವರು ಗಲ್ಫಿನಿಂದ ಪಿಯಾನೋ ಸೊನಾಟಾದ ಕ್ಯಾಸೆಟ್ ತಂದಿದ್ದರು. ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಸ್ವರ ತುಂಬಿ ಕಳಿಸುತ್ತಿದ್ದ ಕಾಲ ಅದು. ಅವರು ಗಲ್ಫಿಗೆ ಮರಳಿದ ಮೇಲೆ ಹೆಂಡತಿ, ಟೇಪ್‌ರೆಕಾರ್ಡರಿನಲ್ಲಿ ಅರ್ಧಕ್ಕೆ ನಿಂತಿದ್ದ ಅದೇ ಕ್ಯಾಸೆಟ್ಟಿನ ಉಳಿದರ್ಧದಲ್ಲಿ ಮನೆಯ ಸುದ್ದಿ ತುಂಬಿ ಕಳಿಸಿದರು. "ಹಾಡುವವರೇ ಇಲ್ಲ, ಖಾಲಿ ಅಂತ ಗ್ರಹಿಸಿದೆ" ಎಂದರಂತೆ.

ಆಕೆ ತೀರಿಕೊಂಡ ಮೇಲೆ ಊರಿಗೇ ಬಂದು ನಿಂತ ಅವರು ದಿನಾ ಅದನ್ನು ಕೇಳುತ್ತಿದ್ದರು. ನಿಧಾನದ ಪಿಯಾನೋ, ಆಮೇಲೆ ಆಕೆಯ ದಪ್ಪ, ಶಾಂತ ಸ್ವರ. ಅಳಿಸಿಹೋದ ಭಾಗವೂ ಸಿಗಲೆಂದು ನಾನು ಅದೇ ಕಲಾವಿದನ ಅದೇ ನುಡಿಕೆಯ ಸಿ.ಡಿ. ತಂದುಕೊಟ್ಟೆ.

"ಇವನಿಗೇನು ಬಸ್ಸು ತಪ್ಪುತ್ತದಾ ಮಾರಾಯ?" ಎಂದು ಸಿ.ಡಿ.ಯ ವೇಗಕ್ಕೆ ನಕ್ಕರು. ಎರಡನ್ನೂ ಮತ್ತೆ ಮತ್ತೆ ಹೋಲಿಸಿದರು. ಟೇಪ್‌ರೆಕಾರ್ಡರಿನ ಬೆಲ್ಟು ಸಡಿಲವಾಗಿ ಕ್ಯಾಸೆಟ್ಟೇ ನಿಧಾನವಾಗಿ ತಿರುಗಿ ನಾದ ದಪ್ಪವಾಗುತ್ತಿತ್ತು. ನಗು ನಿಂತಿತು.

"ಹಾಗಾದರೆ ಅವಳ ಸ್ವರವೂ ಇದಲ್ಲ."

"ಬೆಲ್ಟು ಬದಲಿಸಿದರೆ ಸರಿಯಾಗ್ತದೆ" ಎಂದೆ.

"ಸರಿಯಾದ ಮೇಲೆ ಬರುವ ಸ್ವರದ ಗುರ್ತವೇ ನನಗೆ ಸಿಗದಿದ್ದರೆ?"

ಆಕೆ ಬೇಲಿಯಾಚೆಯಿಂದ ಮಾತಾಡಿಸುತ್ತಿದ್ದುದನ್ನು ನೆನೆಯಲು ನೋಡಿದೆ. ನನ್ನ ಕಿವಿಗೂ ಬಂದದ್ದು ಟೇಪಿನ ಆ ದಪ್ಪ ಸ್ವರವೇ.