ಐಸ್ ಮೇಡಂನ ಜೋಡಿ

ತುಮಕೂರಿನಲ್ಲಿ ಐಸ್ ಅಂದರೆ ಮೀನಿನಂಗಡಿ, ಇಲ್ಲವೇ ಕಬ್ಬಿನ ಹಾಲಿನ ಗಾಡಿ. ಅದರ ಮೇಲೆ ಕುಣಿದು ಮೆಡಲ್ ತಂದವಳು ನಮ್ಮ ಮರಳೂರಿನ ಹುಡುಗಿ ಎಂದರೆ ಹೊರಗಿನವರು ನಗುತ್ತಾರೆ. ನಗಲಿ. ಅನುಪಮಾ ಮತ್ತು ಅವಳ ಜೋಡಿ, ಗುಬ್ಬಿಯ ಕಾಂತೇಶ್, ವಾರವೆಲ್ಲ ಸಿಮೆಂಟ್ ನೆಲದ ಮೇಲೆ ಗಾಲಿ ಸ್ಕೇಟ್ ಕಟ್ಟಿಕೊಂಡು ಕಲಿಯುತ್ತಿದ್ದರು. ಭಾನುವಾರ ಪ್ಯಾಸೆಂಜರ್ ರೈಲು ಹತ್ತಿ ಬೆಂಗಳೂರಿನ ಮಾಲ್ ಒಂದರ ಐಸ್ ಮೇಲೆ ಜಾರುತ್ತಿದ್ದರು. ಐಸ್ ಡ್ಯಾನ್ಸ್‌ನಲ್ಲಿ ಗಂಡು ಹೆಣ್ಣು ಕೈ ಹಿಡಿದೇ ಕುಣಿಯಬೇಕು, ನಡುನಡುವೆ ಅವನು ಅವಳನ್ನು ಎತ್ತಿ ತಿರುಗಿಸಬೇಕು. ಬೀದಿಯ ಬಾಯಿಗೆ ಅಷ್ಟು ಸಾಕಿತ್ತು. ಅವರಿಬ್ಬರ ನಡುವೆ ಹಾಗೇನೂ ಇರಲಿಲ್ಲ. ಇಬ್ಬರಿಗೂ ಬೇಕಿದ್ದದ್ದು ಕ್ರೀಡಾ ಕೋಟಾದಲ್ಲಿ ಪೊಲೀಸ್ ಕೆಲಸ.

ರಾಷ್ಟ್ರಮಟ್ಟದ ಬೆಳ್ಳಿ ಬಂತು. ಪಿಎಸ್‌ಐ ಆಯ್ಕೆಗೆ ಇಬ್ಬರೂ ಹೋದರು. ಎತ್ತರ ಅಳೆಯುವ ಕೋಲಿನ ಕೆಳಗೆ ಕಾಂತೇಶ್ ಒಂದು ಬೆರಳಷ್ಟು ಕಡಿಮೆ ಬಿದ್ದ. ಹೆಂಗಸರ ಅಳತೆ ಬೇರೆ, ಅನುಪಮಾ ಪಾಸು. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗಾಯಿತು. ಅವನು ತುಮಕೂರಿನ ಪಕ್ಕದಲ್ಲೇ ಇರುವ ಸತ್ಯಮಂಗಲದ ಫ್ಯಾಕ್ಟರಿಯೊಂದನ್ನು ಸೇರಿದ. ಅವಳು ಠಾಣೆಯಲ್ಲಿ ‘ಐಸ್ ಮೇಡಂ’ ಆದಳು. ಯಾವ ಸಾಹೇಬರ ಬೀಳ್ಕೊಡುಗೆ ಇರಲಿ, "ಮೇಡಂ, ಒಂದು ಸ್ಟೆಪ್" ಎಂದು ಹಲ್ಲು ಕಿರಿಯುವವರೇ. ಅವಳು ಅದನ್ನೂ ನುಂಗಿಕೊಂಡು ನಿಲ್ಲುವುದನ್ನು ಕಲಿತಳು.

ಕಳೆದ ವರ್ಷ ಆ ಫ್ಯಾಕ್ಟರಿಯಲ್ಲಿ ಮುಷ್ಕರವಾಯಿತು. ಯಾರೋ ಎಸೆದ ಕಲ್ಲು ಅನುಪಮಾಳ ಠಾಣೆಯ ಇನ್ಸ್‌ಪೆಕ್ಟರರ ಹಣೆ ಒಡೆಯಿತು. ಮುಂದಿನ ಸಾಲಿನಲ್ಲಿದ್ದ ಕಾಂತೇಶ್ ಹೆದರಿ ಕುಣಿಗಲ್‌ನ ಅಕ್ಕನ ಮನೆ ಸೇರಿದ. ಕಲ್ಲು ಅವನದಲ್ಲ ಎಂದು ಠಾಣೆಗೆಲ್ಲ ಗೊತ್ತಿತ್ತು.

"ಕರ್ಸಮ್ಮ ನಿನ್ ಜೋಡೀನ. ಹೇಳಿಕೆ ತಗೊಂಡು ಕಳಿಸ್ತೀನಿ," ಅಂದರು ಇನ್ಸ್‌ಪೆಕ್ಟರ್.

ಅನುಪಮಾ ಫೋನ್ ಮಾಡಿದಳು.

"ನೀನೂ ಅಲ್ಲಿರ್ತೀಯ ತಾನೆ?" ಎಂದು ಕೇಳಿದ ಕಾಂತೇಶ್.

"ಇರ್ತೀನಿ ಕಣೋ, ಬಾ."

ಮಧ್ಯಾಹ್ನದ ಬಸ್ಸಿಗೆ ಬಂದೇಬಿಟ್ಟ.

ಇನ್ಸ್‌ಪೆಕ್ಟರ್ ಬಕೆಟ್ ತರಿಸಿ ಠಾಣೆಯ ಗ್ರಾನೈಟ್ ನೆಲಕ್ಕೆ ಸೋಪಿನ ನೀರು ಸುರಿಸಿದರು. "ಐಸ್ ರೆಡಿ. ಇಬ್ರೂ ಒಂದ್ ರೌಂಡ್ ಕುಣೀರಿ. ಕೇಸಿಲ್ಲ, ಏನಿಲ್ಲ, ಇವ್ನು ಮನೆಗೋಗ್ತಾನೆ."

ಸಿಬ್ಬಂದಿಯೆಲ್ಲ ಮೊಬೈಲ್ ಎತ್ತಿ ಹಿಡಿದರು. ಕಾಂತೇಶ್ ಚಪ್ಪಲಿ ಬಿಟ್ಟು ಆ ನೀರಿಗಿಳಿದು ಕೈ ಚಾಚಿದ. "ಬಾರೇ ಅನು, ಒಂದೇ ರೌಂಡು."

ಅವಳು ಹೋಗಬಹುದಿತ್ತು. ಮಾನ ಹೋಗುತ್ತಿತ್ತು, ಅವನು ಉಳಿಯುತ್ತಿದ್ದ. ಆದರೆ ನಾಳೆಯಿಂದ ಈ ಕಾನ್‌ಸ್ಟೆಬಲ್‌ಗಳು ತನ್ನ ಮಾತು ಕೇಳುತ್ತಾರೆಯೇ ಎಂಬುದೊಂದೇ ಅವಳ ತಲೆಯಲ್ಲಿತ್ತು. ಟೋಪಿ ಸರಿಮಾಡಿಕೊಂಡು, "ಆರೋಪೀನ ಒಳಗೆ ಕರ್ಕೊಂಡ್ ಹೋಗಿ," ಅಂದಳು. ಇನ್ಸ್‌ಪೆಕ್ಟರ್ ಚಪ್ಪಾಳೆ ತಟ್ಟಿದರು.

ಒಳಗೆ ಅವನ ಮಂಡಿಚಿಪ್ಪು ಒಡೆದರು. ಕೊಲೆಯತ್ನದ ಕೇಸನ್ನೂ ಜಡಿದರು. ಒದ್ದೆ ನೆಲದಲ್ಲಿ ಜಾರಿ ಬಿದ್ದ ಎಂದು ವರದಿ ಬರೆದವಳು ಅನುಪಮಾಳೇ. ಬೆಳ್ಳಿ ಬಂದಾಗ ನಮ್ಮ ಬೀದಿಯ ಮಗಳು ಎಂದು ಅವಳಿಗೆ ಹಾರ ಹಾಕಿದವರಲ್ಲಿ ನಾನೂ ಒಬ್ಬ.

ಜಾಮೀನಿನ ದಿನ ಕೋರ್ಟಿನ ಹೊರಗೆ ಕಾಂತೇಶನ ತಾಯಿ ರೇವಮ್ಮ ಅವಳ ಜೀಪಿನ ಬಾಗಿಲು ಹಿಡಿದು ನಿಂತರು. ಬೈಯಲಿಲ್ಲ, ಶಾಪ ಹಾಕಲಿಲ್ಲ.

"ಅಷ್ಟ್ ವರ್ಷ ನಿನ್ನ ಎತ್ತಿ ಎತ್ತಿ ಕುಣಿಸ್ದ ನನ್ ಮಗ. ಒಂದ್ ಸಲನಾದ್ರೂ ಬೀಳಿಸಿದ್ನೇನವ್ವ?"

ಅನುಪಮಾ ಆ ಕಡೆ ನೋಡಲೇ ಇಲ್ಲ. "ಆ ಯಮ್ಮನ್ನ ಪಕ್ಕಕ್ಕೆ ಸರಿಸ್ರಿ," ಅಂದಳು.

ಕಾನ್‌ಸ್ಟೆಬಲ್ ಸೆಲ್ಯೂಟ್ ಹೊಡೆದು, ಹೇಳಿದ ಹಾಗೆಯೇ ಮಾಡಿದ.