ಸೀನನ್ನೂ ತೂಗುವ ಕಾಟಾ

ಗೆಳೆಯರೇ, ಇಂದು ಬ್ಯಾಡಗಿಯಲ್ಲಿ ಸತ್ಯದ ಪರವಾಗಿ ಜಗಳವಾಡಿದೆ. ಮೆಣಸಿನಕಾಯಿ ತೂಗುವ ಹೊಸ ಕಾಟಾದಲ್ಲಿ ಭಾರವನ್ನು ಅಂಕಿಯಾಗಿಸುವ ಚಿಪ್ ಇದೆ. ಆ ಅಂಕಿಯನ್ನು ಕಂಪ್ಯೂಟರಿಗೆ ಮುಟ್ಟಿಸುವ ತಂತ್ರಾಂಶವನ್ನು, ಅಂದರೆ ಲಿನಕ್ಸ್ ಡ್ರೈವರನ್ನು, ಗೆಳೆಯ ಇಮ್ರಾನ್ ಬರೆದಿದ್ದಾನೆ. ನಾನು ಪರಿಶೀಲಿಸಿ ಒಪ್ಪಿದರಷ್ಟೇ ಅದು ಬಳಕೆಗೆ ಹೋಗುತ್ತದೆ. ಓದಿದರೆ, ದಿಢೀರ್ ಏರಿದ ಅಂಕಿಯನ್ನು ಡ್ರೈವರ್ ಸದ್ದಿಲ್ಲದೆ ನುಂಗುತ್ತಿದೆ!

“ಚಿಪ್ ಹೇಳಿದ್ದನ್ನ ಮುಚ್ಚಿಡಾಕ ನೀ ಏನು ಸರ್ಕಾರ ಏನಲೇ?” ಎಂದೆ.

“ಘಾಟಿಗೆ ಚೀಲ ಹಿಡಿದವ್ರೆಲ್ಲ ಸೀನ್ತಾರಲೇ ದೋಸ್ತ. ಸೀನೂ ತೂಗ್ಲೇನು?”

“ತೂಗು! ಡ್ರೈವರ್ ಖರೇ ಹೇಳಬೇಕು. ಸೀನು ಸೋಸೋದು ಮ್ಯಾಲಿನ ಪ್ರೋಗ್ರಾಮಿನ ಕೆಲಸ.”

ಇಮ್ರಾನ್ ಗೊಣಗುತ್ತ ಅಂಕಿ ನುಂಗುವ ಸಾಲುಗಳನ್ನು ಅಳಿಸಿದ. ಪರೀಕ್ಷೆಗೆ ಮೇಡ್ಲೇರಿಯ ರೈತರೊಬ್ಬರ ಚೀಲ ಇಟ್ಟೆವು. ಚೀಲ ಹಿಡಿದಿದ್ದ ನಾನೇ ಸೀನಿ ಅದನ್ನು ಒತ್ತಿಬಿಟ್ಟೆ. ಅಂಕಿ ಜಿಗಿಯಿತು.

ಇಮ್ರಾನ್ ಬಿದ್ದು ಬಿದ್ದು ನಕ್ಕ. ರೈತರು ಮಾತ್ರ ಗಂಭೀರವಾಗಿ, “ತೂಕ ಬರಕೊಳ್ಳೂತನಕ ಹಂಗ ಸೀನ್ಕೋತ ಇರು ತಮ್ಮಾ” ಅಂದರು.

ನನ್ನ ತತ್ವಕ್ಕೆ ಇಷ್ಟು ಬೇಗ ಜನಬೆಂಬಲ ಸಿಕ್ಕಿದ್ದು ಇದೇ ಮೊದಲು.