ಅತ್ತಿಗೆಯ ಎಡಗಡೆ

ಅತ್ತಿಗೆಯ ಬೆರಳ ತುದಿಗಳು ಹಿಪ್ಪುನೇರಳೆ ಸೊಪ್ಪಿನ ಕರೆಯಿಂದ ಸದಾ ಕಪ್ಪಗಿರುತ್ತಿದ್ದವು. ಅದೇ ಕೈಯಿಂದ ನನ್ನ ತಲೆ ಬಾಚುತ್ತಿದ್ದರು. ನಮ್ಮವ್ವ ತೀರಿಕೊಂಡ ವರ್ಷವೇ ಅವರು ಸೂಲಿಬೆಲೆ ಹತ್ತಿರದ ನಮ್ಮ ಮನೆಗೆ ಸೊಸೆಯಾಗಿ ಬಂದದ್ದು. ರೇಷ್ಮೆಹುಳುಗಳಿಗೆ ಸೊಪ್ಪು ಹರಡುತ್ತಾ, "ಹಸಿವು ಅಂತ ಹುಳ ಬಾಯ್ಬಿಟ್ಟು ಹೇಳಲ್ಲ ಮಗಾ, ನಾವೇ ನೋಡ್ಕೋಬೇಕು" ಅನ್ನುವರು. ನನ್ನನ್ನೂ ಹಾಗೇ ನೋಡಿಕೊಂಡರು. ಜ್ವರ ಏರುವ ಮೊದಲೇ ಮುಖ ನೋಡಿ ಮೆಣಸಿನ ಸಾರು ಕಾಯಿಸುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ಅವರಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಸೋತವು. ಅದಕ್ಕಿಂತ ವಿಚಿತ್ರವಾದದ್ದು ಇನ್ನೊಂದಿತ್ತು. ತಟ್ಟೆಯ ಬಲಭಾಗದ ಅನ್ನವನ್ನಷ್ಟೇ ತಿಂದು, "ಇನ್ನೊಂಚೂರು ಇಕ್ಕು ಮಗಾ" ಅನ್ನುವರು. ತಟ್ಟೆ ತಿರುಗಿಸಿದರೆ ಉಳಿದದ್ದನ್ನೂ ತಿನ್ನುವರು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು ಹೇಳಿದರು: "ಕಣ್ಣು ಚೆನ್ನಾಗಿದೆ. ಎಡಗಡೆ ಅನ್ನೋದೊಂದಿದೆ ಅಂತ ಮೆದುಳು ಗಮನಿಸ್ತಿಲ್ಲ. ಕುತ್ತಿಗೆಯ ಎಡಕ್ಕೆ ಸಣ್ಣಗೆ ಕರೆಂಟ್ ಕೊಟ್ಟು ಮೆದುಳನ್ನ ಎಚ್ಚರಿಸೋಕೆ ನೋಡೋಣ. ಹೊಸ ಪ್ರಯತ್ನ, ಗ್ಯಾರಂಟಿ ಕೊಡಲ್ಲ. ನೀವು ಮಾತ್ರ ಯಾವಾಗಲೂ ಎಡಗಡೆನೇ ಕೂತು ಮಾತಾಡಿಸ್ಬೇಕು, ಆಗ್ಲೇ ಆ ಕಡೆ ತಿರುಗೋದು ಅಭ್ಯಾಸ ಆಗೋದು."

ಅಣ್ಣ ಅಂದಿನಿಂದ ಎಡಗಡೆ ಕೂತ. ಅತ್ತಿಗೆ ಬಲಗಡೆಯ ಬಾಗಿಲನ್ನೇ ನೋಡುತ್ತಾ, ಅಲ್ಲಿ ಒಳಬರುವ ನನ್ನನ್ನು ಕೇಳುವರು: "ನಿಮ್ಮಣ್ಣ ಎಲ್ಲೋದ್ರು? ನನ್ನ ಬಿಟ್ಟೋದ್ರಾ?"

ಅವರ ಎಡಗೈ ಹಿಡಿದುಕೊಂಡೇ ಅಣ್ಣ, "ಇಲ್ಲೇ ಇದ್ದೀನಿ ಕಣೇ, ಈ ಕಡೆ ತಿರುಗು" ಅನ್ನುವನು. ಅವರು ದನಿ ಬಂದ ಕಡೆ ಬಿಟ್ಟು ಬಾಗಿಲ ಕಡೆಯೇ ಹುಡುಕುವರು. ಆಚೆ ಬದಿಗೆ ಹೋಗಲು ಅಣ್ಣ ಎಷ್ಟೋ ಸಲ ಎದ್ದು, ಹಲ್ಲು ಕಚ್ಚಿ ಮತ್ತೆ ಕೂತದ್ದನ್ನು ನಾನು ಕಂಡಿದ್ದೇನೆ.

ಒಂದು ಮಧ್ಯಾಹ್ನ, ಕರೆಂಟಿನ ಪಟ್ಟಿ ಕುತ್ತಿಗೆಗೆ ಅಂಟಿಸಿದ್ದಾಗ, ಅತ್ತಿಗೆಯ ಮುಖ ನಿಧಾನವಾಗಿ ಎಡಕ್ಕೆ ಹೊರಳಿತು. ಅಣ್ಣನನ್ನು ಕಣ್ತುಂಬ ನೋಡಿದರು.

"ಯಾವಾಗ್ ಬಂದ್ರಿ? ಎಷ್ಟು ಇಳ್ದೋಗಿದ್ದೀರಾ!"

ಅಣ್ಣ ಬಾಯಿಗೆ ಟವಲು ಒತ್ತಿಕೊಂಡು ಅತ್ತ. ಪಟ್ಟಿ ತೆಗೆದ ಸ್ವಲ್ಪ ಹೊತ್ತಿಗೆ ಆ ಮುಖ ಮತ್ತೆ ಬಲಕ್ಕೆ ಸರಿಯಿತು, ಹುಡುಕಾಟ ಮತ್ತೆ ಶುರುವಾಯಿತು.

ನಾಳೆ ಇನ್ನೂ ಹೆಚ್ಚು ಹೊತ್ತು ನೋಡುತ್ತಾಳೆ ಎಂದು ಅಣ್ಣ ನಂಬಿದ್ದ. ಬೆಳಗಿನ ಜಾವ ಇನ್ನೊಂದು ಸಲ ಲಕ್ವ ಹೊಡೆದು ಅತ್ತಿಗೆ ಹೋಗಿಬಿಟ್ಟರು.

ಮಣ್ಣು ಮಾಡಿ ಬಂದ ಮೇಲೆ ಅಣ್ಣ ಜಗಲಿಯಲ್ಲಿ ಕೂತು ಕೇಳಿದ: "ಡಾಕ್ಟ್ರು ಹೇಳಿದ್ರು ಅಂತ ಅಲ್ಲೇ ಕೂತೆ ಕಣೋ. ಅವಳು ಕರೆದಾಗ ಬಲಗಡೆ ಬಂದ್ಬಿಟ್ಟಿದ್ರೆ, ಇದ್ದಷ್ಟು ದಿನ ಆದ್ರೂ ನನ್ನ ನೋಡ್ಕೊಂಡಿರ್ತಿದ್ಲಲ್ವಾ?"

ಹೆತ್ತವಳಂತೆ ನನ್ನನ್ನು ಸಾಕಿದವರ ಗಂಡನ ಎಡಗಡೆ ಹೋಗಿ ಕೂತೆ.